ಮೋಟರ್‌ಹೋಮಿನ ಫೈಬರ್ ಟಾಪು: ಬಿಸಿಲು ತಿನ್ನುವುದು ಒಂದು ಕಡೆ, ಮಳೆ ನುಗ್ಗುವುದು ಇನ್ನೊಂದು ಕಡೆ

ಹೋದ ತಿಂಗಳು ಗೆಳೆಯರೊಬ್ಬರು ತಮ್ಮ ಮೋಟರ್‌ಹೋಮನ್ನು ದಾವಣಗೆರೆಯ ನಮ್ಮ ಮನೆ ಮುಂದೆ ತಂದು ನಿಲ್ಲಿಸಿದರು. ಮೊದಲು ಅದು 17 ಸೀಟಿನ ವ್ಯಾನು. ಸೀಟು ಕಿತ್ತು, ಮೇಲೆ ಎತ್ತರದ ಫೈಬರ್ ಟಾಪು ಕೂರಿಸಿ, ಒಳಗೆ ಮಂಚ, ಅಡುಗೆಕಟ್ಟೆ, ಸಣ್ಣದೊಂದು ಬಚ್ಚಲು ಮಾಡಿಸಿಕೊಂಡಿದ್ದಾರೆ. ಐದು ವರ್ಷ ಆಯ್ತು. ಗಾಡಿ ಇಳಿದವರು ಕೇಳಿದ ಮೊದಲ ಮಾತೇ ಇದು: "ಟಾಪಿಗೆ ಯಾವ ಪೇಂಟ್ ಹೊಡೆಸಲಿ?"

ಏಣಿ ಹಾಕಿ ಹತ್ತಿದೆ. ಅಂಗೈಯಿಂದ ಒಮ್ಮೆ ಸವರಿದೆ. ಕೈಗೆಲ್ಲ ಬಿಳಿ ಪುಡಿ ಹತ್ತಿತು, ಸುಣ್ಣ ಬಳಿದ ಗೋಡೆಗೆ ಒರಗಿ ಎದ್ದ ಹಾಗೆ. ಇಳಿದು ಒಳಗೆ ಹೋಗಿ ನೋಡಿದರೆ, ಮಂಚದ ಮೇಲಿನ ಪ್ಲೈವುಡ್ಡಿನಲ್ಲಿ ಚಹಾ ಚೆಲ್ಲಿದಂಥ ಕಂದು ಕಲೆ. ಎರಡೂ ಒಂದೇ ರೋಗ, ಒಂದು ಡಬ್ಬಿ ಪೇಂಟ್ ತಂದರೆ ಎರಡೂ ವಾಸಿ ಎಂದು ಅವರು ಅಂದುಕೊಂಡಿದ್ದರು. ಹಾಗಲ್ಲ. ಪುಡಿ ಬಿಸಿಲಿನ ಕೆಲಸ. ಕಲೆ ಮಳೆಯ ಕೆಲಸ. ಎರಡೂ ಬೇರೆ ಬೇರೆ ದಾರಿಯಿಂದ ಬರುತ್ತವೆ, ಬೇರೆ ಬೇರೆ ಮದ್ದು ಕೇಳುತ್ತವೆ. ಇವನ್ನು ಬೆರೆಸಿಕೊಂಡಿದ್ದಕ್ಕೇ ಎಷ್ಟೋ ಜನ ಎರಡು ಸಲ ದುಡ್ಡು ಕಳೆದುಕೊಂಡಿದ್ದಾರೆ. ನಾನೂ ಕಳೆದುಕೊಂಡಿದ್ದೇನೆ, ಅದನ್ನು ಮುಂದೆ ಹೇಳುತ್ತೇನೆ.

ಫೈಬರ್ ಅಂದರೆ ಏನು

ನಾವು ಸುಮ್ನೆ ಫೈಬರ್ ಅನ್ನುತ್ತೇವೆ. ಅದು ಒಂದೇ ವಸ್ತು ಅಲ್ಲ. ಒಳಗೆ ಗಾಜಿನ ಎಳೆಗಳ ಚಾಪೆ ಇರುತ್ತದೆ, ಫೈಬರ್ ಕೆಲಸದ ಶೆಡ್ಡಿನವರು ಮ್ಯಾಟ್ ಅನ್ನುವುದು ಇದಕ್ಕೆ. ಆ ಮ್ಯಾಟನ್ನು ನೆನೆಸಿ ಗಟ್ಟಿ ಮಾಡುವುದು ಪಾಲಿಯೆಸ್ಟರ್ ರೆಸಿನ್. ಎಲ್ಲಕ್ಕೂ ಹೊರಗೆ ನುಣುಪಾಗಿ, ಬೆಳ್ಳಗೆ ಕಾಣುವ ಪದರ ಜೆಲ್‌ಕೋಟ್. ಅಚ್ಚಿನೊಳಗೆ ಮೊದಲು ಹೊಡೆಯುವುದೇ ಜೆಲ್‌ಕೋಟ್. ಅದರ ಮೇಲೆ ಮ್ಯಾಟು, ರೆಸಿನ್. ಗಟ್ಟಿಯಾದ ಮೇಲೆ ಅಚ್ಚಿನಿಂದ ಬಿಡಿಸಿದರೆ ಮೊದಲು ಹೊಡೆದದ್ದು ಹೊರಗೆ ಬರುತ್ತದೆ. ಕಾವಲಿಗೆ ತಾಗಿದ ಮೈ ದೋಸೆ ಮಗುಚಿದಾಗ ಮೇಲೆ ಬರುತ್ತದಲ್ಲ, ಹಾಗೆ.

ಜೆಲ್‌ಕೋಟಿನ ದಪ್ಪ ಅರ್ಧ ಮಿಲಿಮೀಟರ್ ಆಸುಪಾಸು. ನಾಲ್ಕೈದು ಕಾಗದ ಒಟ್ಟಿಗೆ ಹಿಡಿದಷ್ಟು. ಟಾಪಿನ ಆಯಸ್ಸು ಬಹುಪಾಲು ಇಷ್ಟರಲ್ಲೇ ಇದೆ. ಜೆಲ್‌ಕೋಟಿನಲ್ಲಿ ಬಿಳಿ ಬಣ್ಣದ ಪುಡಿ ಇರುತ್ತದೆ, ಬಿಸಿಲು ತಡೆಯುವ ಸೇರ್ಪಡೆಗಳೂ ಇರುತ್ತವೆ. ಕೆಳಗಿನ ರೆಸಿನ್‌ನಲ್ಲಿ ಇವೆರಡೂ ಇರುವುದಿಲ್ಲ. ಅದಕ್ಕೇ ಜೆಲ್‌ಕೋಟ್ ಸವೆದು ಗಾಜಿನ ಎಳೆ ಹೊರಗೆ ಇಣುಕಿದರೆ, ಆಮೇಲಿನ ಹಾಳು ಬಹಳ ವೇಗವಾಗಿ ನಡೆಯುತ್ತದೆ.

ಈಗ ಪುಡಿಯ ವಿಷಯ. ಬಿಸಿಲಿನಲ್ಲಿ ಕಣ್ಣಿಗೆ ಕಾಣದ ಅತಿನೇರಳೆ ಕಿರಣ ಇದೆ. ರೆಸಿನ್ ಅಂದರೆ ಉದ್ದುದ್ದ ಸರಪಳಿಗಳು ಒಂದಕ್ಕೊಂದು ಹೆಣೆದುಕೊಂಡ ಬಲೆ. ಆ ಕಿರಣ ಸರಪಳಿಯ ಕೊಂಡಿಗಳನ್ನು ಒಂದೊಂದಾಗಿ ಕಡಿಯುತ್ತದೆ. ಗಾಳಿಯ ಆಮ್ಲಜನಕ, ರಾತ್ರಿಯ ಇಬ್ಬನಿ ಎರಡೂ ಇದಕ್ಕೆ ಕೈಜೋಡಿಸುತ್ತವೆ. ರೆಸಿನ್ ಸವೆದು ಹೋಗುತ್ತದೆ. ಆದರೆ ಅದರೊಳಗೆ ಬೆರೆಸಿದ ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿ ಪುಡಿ ಸವೆಯುವುದಿಲ್ಲ. ಹಿಡಿದಿದ್ದ ಅಂಟು ಹೋದ ಮೇಲೆ ಅದು ಬಿಡಿಬಿಡಿಯಾಗಿ ಮೇಲೆ ಕೂರುತ್ತದೆ. ಕೈಗೆ ಹತ್ತುವುದು ಅದೇ. ತೊಳೆದರೆ ಎರಡು ದಿನ ಚೆನ್ನಾಗಿ ಕಾಣುತ್ತದೆ, ಆಮೇಲೆ ಮತ್ತೆ ಪುಡಿ. ಯಾಕೆಂದರೆ ಸತ್ತ ಪದರ ಹೋಗಿ, ಬಿಸಿಲಿಗೆ ಹೊಸ ಪದರ ಸಿಕ್ಕಿರುತ್ತದೆ.

ಗಾಡಿಯ ಪಕ್ಕದ ಮೈ ಇನ್ನೂ ಹೊಳೆಯುತ್ತಿರುವಾಗ ಟಾಪು ಮಾತ್ರ ಬೂದು ಹಿಡಿಯುವುದು ಯಾಕೆ? ಅದು ಆಕಾಶಕ್ಕೆ ಮುಖ ಮಾಡಿ ಮಲಗಿದೆ, ಅಷ್ಟೆ. ನಮ್ಮ ದಾವಣಗೆರೆ, ಚಿತ್ರದುರ್ಗ ಎರಡೂ ಇರುವುದು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ವರ್ಷಕ್ಕೆ ಎರಡು ಸಲ ನಡು ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಏಪ್ರಿಲ್ ಕೊನೆಯಲ್ಲಿ ಒಮ್ಮೆ, ಆಗಸ್ಟ್ ಮಧ್ಯದಲ್ಲಿ ಇನ್ನೊಮ್ಮೆ. ನೆಟ್ಟಗೆ ನಿಂತ ಕಂಬಕ್ಕೆ ಆಗ ನೆರಳೇ ಇರುವುದಿಲ್ಲ. ಆಗಸ್ಟಿನಲ್ಲಾದರೆ ಮೋಡ ಅಡ್ಡ ಬರುತ್ತದೆ. ಏಪ್ರಿಲ್‌ನಲ್ಲಿ ಏನೂ ಅಡ್ಡ ಇಲ್ಲ. ರೈತರ ಲೆಕ್ಕದಲ್ಲಿ ಅದು ಭರಣಿ ಮಳೆ ಶುರುವಾಗುವ ಹೊತ್ತು. ಅಂದರೆ ಟಾಪಿಗೆ ವರ್ಷದ ಅತಿ ಕೆಟ್ಟ ಬಿಸಿಲು, ವರ್ಷದ ಮೊದಲ ಗುಡುಗು ಮಳೆ ಎರಡೂ ಒಂದೇ ಪಕ್ಷದಲ್ಲಿ ಬಂದು ಬೀಳುತ್ತವೆ.

ಸೋರುವುದು ಹಾಳೆಯಲ್ಲ

ಚಳ್ಳಕೆರೆ ಕಡೆ ನಮ್ಮ ಅಜ್ಜಿಯ ಊರು. ಮಣ್ಣಿನ ಮಾಳಿಗೆ ಮನೆ. ಮಳೆಗಾಲ ಹತ್ತಿರ ಬಂದರೆ ಸೌಳು ನೆಲದಿಂದ ಕರ್ಲು ಮಣ್ಣು ಹೊತ್ತು ತಂದು ಮಾಳಿಗೆ ಮೇಲೆ ಹರವುತ್ತಿದ್ದರು. ಆ ಮಣ್ಣು ನೀರು ಬಿದ್ದ ಕೂಡಲೇ ಬಿಗಿದುಕೊಳ್ಳುತ್ತದೆ, ಕೆಳಕ್ಕೆ ಹನಿ ಬಿಡುವುದಿಲ್ಲ. ಆದರೆ ಮಣ್ಣು ಹರವುವ ಮೊದಲು ಅಜ್ಜಿ ಇನ್ನೊಂದು ಕೆಲಸ ಮಾಡಿಸುತ್ತಿದ್ದರು. ಬೆಳಕಿಂಡಿಯ ಸುತ್ತ, ನೀರು ಹೊರಹೋಗುವ ದೋಣಿಯ ಬಾಯಲ್ಲಿ, ಮಾಳಿಗೆ ಗೋಡೆಗೆ ಸೇರುವ ಮೂಲೆಯಲ್ಲಿ ಮೆತ್ತಿಸುತ್ತಿದ್ದರು. ಅಲ್ಲಿ ಬಿಗಿಯಾಗದೆ ಉಳಿದರೆ ಮೇಲೆ ಎಷ್ಟು ಬುಟ್ಟಿ ಮಣ್ಣು ಸುರಿದರೂ ಮನೆ ಸೋರುತ್ತದೆ ಎಂಬುದು ಅವರಿಗೆ ಗೊತ್ತಿತ್ತು.

ಫೈಬರ್ ಟಾಪಿನ ಕಥೆಯೂ ಇದೇ. ಒಡೆಯದ ಫೈಬರ್ ಹಾಳೆಯ ಮೂಲಕ ಮಳೆನೀರು ಒಳಗೆ ಬರುವುದಿಲ್ಲ. ಬರುವುದು ತೂತುಗಳಿಂದ. ಗಾಳಿ ಆಡಲು ಕೂರಿಸಿದ ಫ್ಯಾನು, ಎಸಿ, ಸೋಲಾರ್ ತಟ್ಟೆಯ ಕಾಲು, ಆಂಟೆನಾ, ವೈರ್ ಒಳಗೆ ಇಳಿಯುವ ಜಾಗ, ಅಂಚಿಗೆ ಹೊಡೆದ ಸ್ಕ್ರೂ. ಒಂದು ಮೋಟರ್‌ಹೋಮಿನ ನೆತ್ತಿಯಲ್ಲಿ ಸಣ್ಣದು ದೊಡ್ಡದು ಸೇರಿ ಹತ್ತಾರು ತೂತು ಇರುತ್ತವೆ.

ಹೊಸದರಲ್ಲಿ ಬಿಗಿಯಾಗಿದ್ದ ತೂತು ನಾಲ್ಕು ವರ್ಷಕ್ಕೆ ಯಾಕೆ ಸೋರುತ್ತದೆ ಅನ್ನುವುದು ಮುಖ್ಯ. ಬಿಸಿಯಾದರೆ ಎಲ್ಲ ವಸ್ತುವೂ ಹಿಗ್ಗುತ್ತದೆ, ಆದರೆ ಒಂದೇ ಅಳತೆಯಲ್ಲಿ ಅಲ್ಲ. ಫೈಬರ್ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. 6 ಮೀಟರ್ ಉದ್ದದ ಟಾಪು ಬೆಳಗಿನ ತಂಪಿನಿಂದ ಮಧ್ಯಾಹ್ನದ ಕಾವಿಗೆ 40 ಡಿಗ್ರಿ ಏರಿತು ಅನ್ನಿ. ಕೆಳಗಿನ ಉಕ್ಕಿನ ಚೌಕಟ್ಟು ಅಷ್ಟೇ ಬಿಸಿಯಾದರೂ 3 ಮಿಲಿಮೀಟರ್ ಬೆಳೆಯುತ್ತದೆ, ಮೇಲಿನ ಫೈಬರ್ 6 ಮಿಲಿಮೀಟರ್ ಹತ್ತಿರ ಬೆಳೆಯುತ್ತದೆ. ಆ ವ್ಯತ್ಯಾಸವನ್ನು ನಡುವಿನ ಅಂಟು ತಾಳಿಕೊಳ್ಳಬೇಕು. ಪ್ರತಿದಿನ. ಅದರ ಮೇಲೆ ರಸ್ತೆಯ ಕುಲುಕಾಟ ಬೇರೆ.

ಹಾಗಾಗಿ ಎರಡು ಉಂಡೆ ಕಲಸಿ ಹಚ್ಚುವ ಎಪಾಕ್ಸಿ ಪುಟ್ಟಿ ಇಲ್ಲಿ ಸರಿ ಹೋಗುವುದಿಲ್ಲ. ಅದು ಕಲ್ಲಿನ ಹಾಗೆ ಗಟ್ಟಿ. ನೀರಿನ ಟ್ಯಾಂಕಿಗೆ ಒಳ್ಳೇದು, ಆದರೆ ದಿನವೂ ಎಳೆದಾಡುವ ಜೋಡಣೆಯಲ್ಲಿ ಕೂದಲೆಳೆಯಷ್ಟು ಸೀಳು ಬಿಡುತ್ತದೆ. ಹೆದ್ದಾರಿಯಲ್ಲಿ 80 ಕಿಲೋಮೀಟರ್ ವೇಗದಲ್ಲಿ ಮಳೆಗೆ ಎದುರಾಗಿ ಹೋಗುವಾಗ ನೀರು ಸುಮ್ಮನೆ ಬೀಳುವುದಿಲ್ಲ, ಗಾಳಿ ಅದನ್ನು ಒತ್ತಿ ತಳ್ಳುತ್ತದೆ. ಕೂದಲೆಳೆ ಸೀಳು ಸಾಕು.

ಇನ್ನೊಂದು ಮಾತು. ನೀರು ಒಳಗೆ ಕಾಣಿಸಿಕೊಂಡ ಜಾಗವೇ ಒಳಗೆ ಬಂದ ಜಾಗ ಆಗಿರಬೇಕೆಂದಿಲ್ಲ. ಮುಂದಿನ ಫ್ಯಾನಿನ ಬಳಿ ನುಗ್ಗಿದ ನೀರು ಹಾಳೆಯ ಅಡಿಯಲ್ಲೇ ಹರಿದು ಹಿಂದಿನ ಮಂಚದ ಮೇಲೆ ತೊಟ್ಟಿಕ್ಕುತ್ತದೆ. ನಮ್ಮ ಗೆಳೆಯರ ಗಾಡಿಯಲ್ಲಿ ಆಗಿದ್ದೂ ಅದೇ. ಕಲೆ ಇದ್ದದ್ದು ಮಂಚದ ಮೇಲೆ, ಸೀಳು ಸಿಕ್ಕಿದ್ದು ಅಲ್ಲಿಂದ ನಾಲ್ಕಡಿ ಮುಂದೆ, ಸೋಲಾರ್ ವೈರು ಇಳಿಯುವ ಕಡೆ.

ಹುಡುಕುವುದು ಹೇಗೆ? ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂರಬೇಕು. ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ಮೆಲ್ಲಗೆ ನೀರು ಬಿಡಬೇಕು. ತಗ್ಗಿನ ಕಡೆಯಿಂದ ಶುರು ಮಾಡಿ, ಒಂದೊಂದು ಜಾಗಕ್ಕೂ ಹತ್ತು ನಿಮಿಷ ಕೊಟ್ಟು ಮೇಲಕ್ಕೆ ಸರಿಯಬೇಕು. ಎಲ್ಲ ಕಡೆ ಒಟ್ಟಿಗೆ ಸುರಿದರೆ ಎಲ್ಲಿಂದ ಬಂತೆಂದು ತಿಳಿಯುವುದೇ ಇಲ್ಲ. ಆಮೇಲೆ ಒಂದು ನಾಣ್ಯ ಹಿಡಿದು ಟಾಪಿನ ಮೇಲೆ ಮೆಲ್ಲಗೆ ಬಡಿಯುತ್ತಾ ಹೋಗಿ. ಗಟ್ಟಿ ಇರುವ ಕಡೆ ಟಣ್ ಎಂದು ಸ್ಪಷ್ಟವಾಗಿ ಕೇಳುತ್ತದೆ. ಒಳಗಿನ ಪ್ಲೈವುಡ್ ಕೊಳೆತು ಬಿಟ್ಟುಕೊಂಡ ಕಡೆ ಶಬ್ದ ಮಂಕು. ಮಂಕು ಶಬ್ದ ದೊಡ್ಡ ಜಾಗದಲ್ಲಿ ಕೇಳಿದರೆ ಮೇಲೆ ಏನೂ ಬಳಿಯಬೇಡಿ. ಅದು ಬಿಚ್ಚಿ ಒಣಗಿಸಿ ಕಟ್ಟಬೇಕಾದ ಕೆಲಸ. ಒದ್ದೆಯ ಮೇಲೆ ಮುಚ್ಚಳ ಹಾಕಿದರೆ ಒಳಗಿನ ಮರ ಇನ್ನೂ ಬೇಗ ಕೊಳೆಯುತ್ತದೆ.

ನಾನು ಮಾಡಿದ ತಪ್ಪು

ಕೆಲವು ವರ್ಷದ ಹಿಂದೆ ನಮ್ಮ ಗಾಡಿಯ ಟಾಪೂ ಹೀಗೇ ಪುಡಿ ಬಿಟ್ಟಿತ್ತು. ಮೇ ತಿಂಗಳು. ಮನೆಯ ತಾರಸಿಗೆ ಹೊಡೆಯುವ ಬಿಳಿ ವಾಟರ್‌ಪ್ರೂಫ್ ಪೇಂಟ್ ತಂದು, ಪೈಪಿನಲ್ಲಿ ಒಮ್ಮೆ ತೊಳೆದು, ಮಧ್ಯಾಹ್ನ ಹನ್ನೆರಡಕ್ಕೆ ರೋಲರ್ ಹಿಡಿದು ಹತ್ತಿದೆ. ಒಂದೇ ದಿನದಲ್ಲಿ ಎರಡು ಕೋಟು ಆಯ್ತು. ಹಾಲಿನ ಹಾಗೆ ಬೆಳ್ಳಗಾಯ್ತು, ಮನೆಯವರೆಲ್ಲ ಖುಷಿಪಟ್ಟರು. ಜುಲೈನಲ್ಲಿ ಬೆಂಗಳೂರಿಗೆ ಹೊರಟೆವು. ಹಿರಿಯೂರು ದಾಟುವ ಹೊತ್ತಿಗೆ ಹಿಂದಿನ ಕಾರಿನವರು ಹಾರ್ನ್ ಹೊಡೆದು ನಿಲ್ಲಿಸಿದರು. ಟಾಪಿನಿಂದ ಹಪ್ಪಳದಂಥ ಬಿಳಿ ಚೂರುಗಳು ಹಾರಿ ಅವರ ಗಾಜಿಗೆ ಬಡಿಯುತ್ತಿದ್ದವು.

ಡಬ್ಬಿಯಲ್ಲಿ ದೋಷ ಇರಲಿಲ್ಲ. ಪೇಂಟ್ ಚೆನ್ನಾಗಿಯೇ ಅಂಟಿಕೊಂಡಿತ್ತು, ಆದರೆ ಫೈಬರಿಗಲ್ಲ, ಪುಡಿಗೆ. ಪುಡಿ ಯಾವುದಕ್ಕೂ ಅಂಟಿಕೊಂಡಿರಲಿಲ್ಲ. ಮಧ್ಯಾಹ್ನದ ಕಾದ ಮೈ ಮೇಲೆ ಹೊಡೆದಿದ್ದರಿಂದ ಮೇಲಿನ ನೀರು ಕ್ಷಣದಲ್ಲಿ ಆರಿ ಕೆನೆ ಕಟ್ಟಿತು, ಕೆಳಗಿನದು ಮೈಯನ್ನು ಹಿಡಿಯಲಿಲ್ಲ. ಆ ಅರೆ ಕಿತ್ತ ಪದರವನ್ನು ಪೂರ್ತಿ ಕೆರೆದು ತೆಗೆಯಲು ನಾಲ್ಕು ದಿನ ಬೇಕಾಯ್ತು. ಬಳಿಯಲು ಒಂದು ದಿನ, ಕೀಳಲು ನಾಲ್ಕು ದಿನ.

ಕೆಲಸದ ಸರದಿ

ಮೊದಲು ತೊಳೆಯುವುದು. ಪಾತ್ರೆ ತೊಳೆಯುವ ಸೌಮ್ಯ ಸೋಪು, ಮೃದುವಾದ ಬ್ರಶ್ಶು, ಬೇಕಾದಷ್ಟು ನೀರು. ಬಚ್ಚಲು ತೊಳೆಯುವ ಆಸಿಡ್ ಬೇಡವೇ ಬೇಡ. ನಮ್ಮ ಕಡೆ ಟಾಪಿನ ಮೇಲೆ ಕೂರುವ ಕೊಳೆಯೂ ಊರಿಗೊಂದು ಥರ. ಹುಣಸೆ ಮರದ ಕೆಳಗೆ ನಿಲ್ಲಿಸಿದರೆ ಎಲೆಯ ಕಲೆ, ಅಕ್ಕಿ ಗಿರಣಿ ಹತ್ತಿರ ಉಮಿಬೂದಿ, ಭೀಮಸಮುದ್ರದ ಕಡೆ ಓಡಾಡಿದರೆ ಅದಿರಿನ ಕೆಂಪು ಧೂಳು. ಅದಿರಿನ ಧೂಳು ಕೂತಲ್ಲೇ ತುಕ್ಕಿನಂಥ ಚುಕ್ಕೆ ಬಿಡುತ್ತದೆ. ಆ ಚುಕ್ಕೆಗೂ ಸ್ಕ್ರೂ ಸುತ್ತಲಿನ ತುಕ್ಕಿನ ಕಲೆಗೂ ಆಕ್ಸಾಲಿಕ್ ಆಸಿಡ್ ಇರುವ ಕ್ಲೀನರನ್ನು ಕೈಗವಸು ಹಾಕಿ ಸ್ವಲ್ಪವೇ ಹಚ್ಚಿ, ಚೆನ್ನಾಗಿ ತೊಳೆದುಬಿಡಿ. ಸೋಪಿನ ನೀರು ಬಿದ್ದ ಫೈಬರ್ ಮೇಲೆ ಕಾಲಿಟ್ಟರೆ ಜಾರುತ್ತದೆ. ಆದಷ್ಟು ಏಣಿಯ ಮೇಲೆ ನಿಂತೇ ತೊಳೆಯಿರಿ. ಹತ್ತಲೇಬೇಕಾದರೆ ಅಗಲದ ಹಲಗೆ ಹಾಕಿ, ಭಾರ ಹಂಚಿಹೋಗುವ ಹಾಗೆ ಕೂರಿ.

ಎರಡನೆಯದು ತೂತು ಮುಚ್ಚುವುದು. ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಕೊಡಬೇಕಾದದ್ದು ಇದಕ್ಕೆ. ಒಡೆದ ಹಳೇ ಅಂಟಿನ ಮೇಲೆ ಹೊಸದನ್ನು ಬಳಿಯುವುದು ಎಲ್ಲರೂ ಮಾಡುವ ಕೆಲಸ, ಅದು ಉಳಿಯುವುದಿಲ್ಲ. ಪ್ಲಾಸ್ಟಿಕ್ ಕೆರೆಪಟ್ಟಿಯಿಂದ ಹಳೆಯದನ್ನು ಪೂರ್ತಿ ತೆಗೆಯಿರಿ. ಬಚ್ಚಲಿಗೆ ಹಚ್ಚುವ ಪಾರದರ್ಶಕ ಸಿಲಿಕೋನ್ ಯಾರಾದರೂ ಮೊದಲು ಹಚ್ಚಿದ್ದರೆ ಇನ್ನೂ ಹುಷಾರು. ಸಿಲಿಕೋನ್ ಮೇಲೆ ಪೇಂಟೂ ಕೂರುವುದಿಲ್ಲ, ಬೇರೆ ಅಂಟೂ ಕೂರುವುದಿಲ್ಲ. ಕಣ್ಣಿಗೆ ಕಾಣದ ತೆಳು ಪೊರೆ ಉಳಿದರೂ ಅಲ್ಲಿ ಮುಂದಿನ ಪದರ ಮೀನಿನ ಕಣ್ಣಿನಂತೆ ಬಿಟ್ಟುಕೊಳ್ಳುತ್ತದೆ.

ಫ್ಯಾನು, ಎಸಿ ಮುಂತಾದವನ್ನು ಸಾಧ್ಯವಾದರೆ ಬಿಚ್ಚಿಯೇ ಕೂರಿಸಿ. ಅಡಿಯಲ್ಲಿ ಬ್ಯೂಟೈಲ್ ಟೇಪ್ ಇಡಬೇಕು. ಅದು ಎಂದೂ ಪೂರ್ತಿ ಗಟ್ಟಿಯಾಗದ, ಕಣಕದಂಥ ಅಂಟುಪಟ್ಟಿ. ಹಿಗ್ಗು ಕುಗ್ಗಿನ ಜೊತೆ ಅದೂ ಸರಿದಾಡುತ್ತದೆ. ಸ್ಕ್ರೂಗಳನ್ನು ಕೈಯಿಂದಲೇ ಬಿಗಿ ಮಾಡಿ. ಟೇಪ್ ಒತ್ತಿಕೊಂಡು ಹೊರಗೆ ಇಣುಕಿದ ಮೇಲೆ, ಮಾರನೇ ದಿನ ಇನ್ನೊಮ್ಮೆ ಬಿಗಿ ಮಾಡಿ. ಹೊರಬಂದದ್ದನ್ನು ಕತ್ತರಿಸಿ, ಅಂಚಿನ ಸುತ್ತ, ಸ್ಕ್ರೂ ತಲೆಗಳ ಮೇಲೆ ರಬ್ಬರಿನಂತೆ ಬಗ್ಗುವ ಸೀಲೆಂಟ್ ಹಾಕಿ. ಪಾಲಿಯುರೆಥೇನ್, ಅಂದರೆ ಪಿಯು, ಅಥವಾ ಎಂಎಸ್ ಪಾಲಿಮರ್ ಜಾತಿಯದು ಸರಿ.

ಇಲ್ಲಿ ಒಂದು ಸೂಕ್ಷ್ಮ ಇದೆ. ಗಾಡಿಗೆ ಗಾಜು ಕೂರಿಸುವ ಅಂಗಡಿಯಲ್ಲಿ ಕಪ್ಪು ಪಿಯು ಅಂಟು ಸುಲಭವಾಗಿ ಸಿಗುತ್ತದೆ. ಅದು ಬಹಳ ಗಟ್ಟಿ ಹಿಡಿತದ್ದು. ಆದರೆ ಬಹುಪಾಲು ಅಂಥ ಅಂಟು ನೇರ ಬಿಸಿಲಿಗೆ ತಾಳುವುದಿಲ್ಲ. ಗಾಡಿಯ ಮುಂದಿನ ಗಾಜಿನ ಅಂಚಿನಲ್ಲಿ ಕಪ್ಪು ಪಟ್ಟಿ ಇರುತ್ತದಲ್ವಾ? ಅದರ ಮುಖ್ಯ ಕೆಲಸಗಳಲ್ಲಿ ಒಂದು ಆ ಅಂಟಿಗೆ ಬಿಸಿಲು ತಾಗದ ಹಾಗೆ ಕಾಯುವುದು. ಟಾಪಿನ ಮೇಲೆ ಆ ಕಪ್ಪು ಪಟ್ಟಿ ಇಲ್ಲ. ಹಾಗಾಗಿ ಬಿಸಿಲು ತಾಳುತ್ತದೆ, ಮೇಲೆ ಪೇಂಟ್ ಹೊಡೆಯಬಹುದು ಎಂದು ಟ್ಯೂಬಿನ ಮೇಲೆ ಬರೆದಿರುವುದನ್ನೇ ಕೇಳಿ ತನ್ನಿ. ಈ ಸೀಲೆಂಟುಗಳು ಗಾಳಿಯ ತೇವ ಹೀರಿ ಗಟ್ಟಿಯಾಗುತ್ತವೆ. ಒಂದು ದಿನಕ್ಕೆ ಸುಮಾರು 2ರಿಂದ 3 ಮಿಲಿಮೀಟರ್ ಒಳಕ್ಕೆ ಗಟ್ಟಿಯಾಗುತ್ತದೆ. ನಮ್ಮ ಮಾರ್ಚಿಯ ಒಣ ಗಾಳಿಯಲ್ಲಿ ಇನ್ನೂ ನಿಧಾನ. ಮೇಲೆ ಚರ್ಮ ಕಟ್ಟಿತು ಅಂತ ಅವಸರ ಮಾಡಬೇಡಿ, ನಾಲ್ಕೈದು ದಿನ ಬಿಡಿ. ಇದಾದ ಮೇಲೆ ಮತ್ತೊಮ್ಮೆ ಪೈಪಿನ ನೀರು ಬಿಟ್ಟು ನೋಡಿ. ಬಳಿಯುವ ಮೊದಲೇ ಸೋರಿಕೆ ನಿಂತಿರಬೇಕು. ಬಳಿದ ಮೇಲೆ ನಿಂತರೆ ಅದು ನಿಂತದ್ದಲ್ಲ, ಮುಚ್ಚಿಕೊಂಡದ್ದು.

ಅಲ್ಲಲ್ಲಿ ಜೇಡರ ಬಲೆಯಂಥ ಸಣ್ಣ ಬಿರುಕು ಕಂಡರೆ ಅದನ್ನು ವಿ ಆಕಾರಕ್ಕೆ ಸ್ವಲ್ಪ ಕೆತ್ತಿ ಜೆಲ್‌ಕೋಟ್ ತುಂಬಿಸಬೇಕು. ಸಾದಾ ಜೆಲ್‌ಕೋಟ್ ಗಾಳಿ ತಾಗಿದ ಮೈಯಲ್ಲಿ ಜಿಗುಟಾಗಿಯೇ ಉಳಿಯುತ್ತದೆ. ಶೆಡ್ಡಿನವರ ಬಳಿ ಮೇಣ ಬೆರೆಸಿದ್ದನ್ನು ಕೇಳಿ, ಇಲ್ಲವೇ ಹಚ್ಚಿದ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಗಾಳಿ ತಪ್ಪಿಸಿ.

ಪೇಂಟ್ ನಿಜವಾಗಿ ಬೇಕಾ?

ಮೂರನೆಯದು ಮೈ ಎಷ್ಟು ಜೀವಂತ ಇದೆ ಎಂದು ನೋಡುವುದು. ಒಂದು ಚದರಡಿ ಜಾಗ ಆರಿಸಿಕೊಂಡು ರಬ್ಬಿಂಗ್ ಕಾಂಪೌಂಡ್, ಅಂದರೆ ಉಜ್ಜಿ ಹೊಳಪು ತರಿಸುವ ಪೇಸ್ಟ್, ಹಾಕಿ ಚೆನ್ನಾಗಿ ಉಜ್ಜಿ. ಕೆಳಗಿನಿಂದ ಹೊಳಪು ಎದ್ದು ಬಂದರೆ ಜೆಲ್‌ಕೋಟ್ ಬದುಕಿದೆ. ಆಗ ನನ್ನ ಮಾತು ನೇರ: ಪೇಂಟ್ ಹೊಡೆಯಲೇಬೇಡಿ. ಇಡೀ ಟಾಪಿನ ಸತ್ತ ಪದರವನ್ನು 800, 1000, 1500ರ ವಾಟರ್ ಪೇಪರ್ ಸರದಿಯಲ್ಲಿ ನೀರು ಹಾಕಿ ಉಜ್ಜಿ ತೆಗೆದು, ಕಾಂಪೌಂಡ್ ಹಿಡಿದು, ಮೇಲೆ ಮೇಣವನ್ನೋ ಪಾಲಿಮರ್ ಸೀಲನ್ನೋ ಹಚ್ಚಿ. ಮೇಣ ವರ್ಷಕ್ಕೆ ಎರಡು ಸಲ ಬೇಕು. ಬೇಸರದ ಕೆಲಸ ಹೌದು. ಆದರೆ ಮೇಣ ಎಂದೂ ಹಪ್ಪಳದ ಹಾಗೆ ಏಳುವುದಿಲ್ಲ. ಸವೆದರೆ ಮತ್ತೆ ಹಚ್ಚಬಹುದು. ಪೇಂಟ್ ಒಮ್ಮೆ ಹೊಡೆದರೆ ಆಮೇಲೆ ಆ ಗಾಡಿ ಇರುವವರೆಗೂ ಪೇಂಟೇ.

ಉಜ್ಜಿದಾಗ ಹೊಳಪಿನ ಬದಲು ಮ್ಯಾಟಿನ ಎಳೆಗಳ ವಿನ್ಯಾಸ ಕಂಡರೆ, ಕೈಗೆ ಗಾಜಿನ ಮುಳ್ಳು ಚುಚ್ಚಿದರೆ, ಜೆಲ್‌ಕೋಟ್ ಮುಗಿದಿದೆ. ಅದಕ್ಕೆ ಮೇಣದಿಂದ ಪ್ರಯೋಜನ ಇಲ್ಲ. ಈಗ ಹೊಸ ಪದರ ಬೇಕು.

ಫೈಬರ್ ಶೆಡ್ಡಿನಲ್ಲಿ ಸಾಮಾನ್ಯವಾಗಿ ಸಿಗುವ ಸಲಹೆ, ಮೇಲೆ ಒಂದು ಕೋಟ್ ರೆಸಿನ್ ಹೊಡೆದುಬಿಡೋಣ ಅನ್ನುವುದು. ಒಪ್ಪಿಕೊಳ್ಳಬೇಡಿ. ಸಾದಾ ರೆಸಿನ್‌ಗೆ ಬಿಸಿಲು ತಾಳುವ ಗುಣ ಇಲ್ಲ. ಅದು ಹಳದಿಯಾಗಿ ಬಿರುಕು ಬಿಡುತ್ತದೆ. ಎಪಾಕ್ಸಿ ಬಹಳ ಗಟ್ಟಿ, ಅಂಟುವುದರಲ್ಲಿ ಅದನ್ನು ಮೀರಿಸುವುದು ಕಷ್ಟ. ಆದರೆ ಬಿಸಿಲಿಗೆ ಬಿಟ್ಟರೆ ಅದೂ ಬೇಗ ಪುಡಿ ಬಿಡುತ್ತದೆ. ಅದಕ್ಕೆ ತಳದ ಪ್ರೈಮರ್ ಕೆಲಸ ಕೊಡಬೇಕು, ಮೇಲಿನ ಕೆಲಸ ಬೇರೆಯದಕ್ಕೆ. ಕಪ್ಪು ಡಾಂಬರಿನ ಜಾತಿಯ ಯಾವುದನ್ನೂ ಟಾಪಿನ ಹತ್ತಿರ ತರಬೇಡಿ, ಒಳಗೆ ಕುಲುಮೆ ಆಗುತ್ತದೆ.

ಹಾಗಾದರೆ ಉಳಿಯುವುದು ಮುಖ್ಯವಾಗಿ ಮೂರು. ಮೊದಲನೆಯದು ಗಾಡಿಗಳಿಗೆ ಹೊಡೆಯುವ ಎರಡು ಡಬ್ಬಿಯ ಪಿಯು ಪೇಂಟ್. ಎಪಾಕ್ಸಿ ಪ್ರೈಮರ್ ಮೇಲೆ ಇದನ್ನು ಹೊಡೆದರೆ ಗಟ್ಟಿಯಾಗಿ, ನುಣುಪಾಗಿ ಬರುತ್ತದೆ, ಧೂಳು ಕೂರುವುದಿಲ್ಲ, ತೊಳೆಯಲು ಸುಲಭ. ಪಿಯುನಲ್ಲೂ ಎರಡು ಜಾತಿ. ಅರೋಮ್ಯಾಟಿಕ್ ಅನ್ನುವುದು ಬಿಸಿಲಿಗೆ ಹಳದಿಯಾಗುತ್ತದೆ, ಅಲಿಫ್ಯಾಟಿಕ್ ಅನ್ನುವುದು ತಾಳುತ್ತದೆ. ಅಂಗಡಿಯಲ್ಲಿ ಈ ಒಂದು ಮಾತು ಕೇಳಿಯೇ ತನ್ನಿ. ಇದರ ಪದರ ತೆಳು, ಬಿರುಕು ಮುಚ್ಚುವ ಶಕ್ತಿ ಇಲ್ಲ. ಇನ್ನೂ ದೊಡ್ಡ ವಿಷಯ, ಇದರ ಹಾರ್ಡನರ್‌ನಲ್ಲಿ, ಅಂದರೆ ಗಟ್ಟಿಯಾಗಲು ಬೆರೆಸುವ ಎರಡನೇ ಡಬ್ಬಿಯಲ್ಲಿ, ಐಸೊಸಯನೇಟ್ ಎಂಬ ರಾಸಾಯನಿಕ ಇರುತ್ತದೆ. ಸ್ಪ್ರೇ ಮಾಡುವಾಗ ಅದರ ಮಂಜು ಉಸಿರಿಗೆ ಹೋದರೆ ಆಸ್ತಮಾ ಬರಬಹುದು, ಒಮ್ಮೆ ಬಂದರೆ ಜೀವನಪೂರ್ತಿ ಕಾಡಬಹುದು. ಬಟ್ಟೆ ಮಾಸ್ಕ್ ಇದಕ್ಕೆ ಲೆಕ್ಕಕ್ಕಿಲ್ಲ. ಹೊರಗಿನ ಗಾಳಿ ಪೂರೈಸುವ ಮಾಸ್ಕ್ ಇರುವ ಪೇಂಟ್ ಬೂತ್‌ನಲ್ಲೇ ಮಾಡಿಸಿ, ಮನೆ ಅಂಗಳದಲ್ಲಿ ಬೇಡ. ಹೊಡೆಯುವ ಹುಡುಗ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ನಿಂತಿದ್ದರೆ ನಿಲ್ಲಿಸಿ ಹೇಳುವ ಜವಾಬ್ದಾರಿ ನಮ್ಮದೂ ಹೌದು.

ಎರಡನೆಯದು ರಬ್ಬರಿನಂತೆ ಎಳೆಯುವ ಅಕ್ರಿಲಿಕ್ ಕೋಟಿಂಗ್. ನೀರಿನಲ್ಲಿ ಬೆರೆಸಿ ಮಾಡಿದ್ದು, ವಾಸನೆ ಕಡಿಮೆ, ರೋಲರಿನಲ್ಲಿ ನಾವೇ ಹೊಡೆಯಬಹುದು. ನಾನು ಕೊನೆಗೆ ಆರಿಸಿಕೊಂಡದ್ದು ಇದನ್ನೇ. ಫೈಬರ್ ಜೊತೆ ಹಿಗ್ಗುತ್ತದೆ, ಕೂದಲೆಳೆ ಬಿರುಕು ಮುಚ್ಚುತ್ತದೆ, ಮತ್ತೆ ಬೇಕಾದಾಗ ತೊಳೆದು ಅದರ ಮೇಲೇ ಇನ್ನೊಂದು ಕೋಟು ಹಾಕಬಹುದು. ಬಿಳಿ ಬಣ್ಣ ಬಿಸಿಲಿನ ಕಾವನ್ನು ಬಹುಪಾಲು ಹಿಂದಕ್ಕೆ ಕಳಿಸುವುದರಿಂದ ಒಳಗೂ ತಂಪು. ಇದರ ದೋಷವೂ ಗೊತ್ತಿರಲಿ. ನೀರು ದಿನಗಟ್ಟಲೆ ಒಂದೇ ಕಡೆ ನಿಂತರೆ ಮೆತ್ತಗಾಗುತ್ತದೆ. ಧೂಳು ಹಿಡಿಯುತ್ತದೆ. ಗಾರೆಯ ತಾರಸಿಗೆಂದು ಮಾಡಿದ್ದನ್ನು ಫೈಬರಿಗೆ ಹೊಡೆಯಬೇಕಾದರೆ ನಡುವೆ ಫೈಬರ್ ಹಿಡಿಯುವ ಪ್ರೈಮರ್ ಇರಲೇಬೇಕು.

ಮೂರನೆಯದು ಸಿಲಿಕೋನ್ ಕೋಟಿಂಗ್. ನಿಂತ ನೀರಿಗೂ ಬಿಸಿಲಿಗೂ ಮೂರರಲ್ಲಿ ಜಾಸ್ತಿ ಗಟ್ಟಿ ಇದೇ. ಆದರೆ ಮುಂದೆ ಎಂದೂ ಅದರ ಮೇಲೆ ಸಿಲಿಕೋನ್ ಬಿಟ್ಟು ಬೇರೇನೂ ಕೂರುವುದಿಲ್ಲ.

ಇನ್ನು ನಿಂತ ನೀರು. ಚಿತ್ರದುರ್ಗದ ಕೋಟೆ ಹತ್ತಿದವರು ನೋಡಿರುತ್ತೀರಿ. ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ ತಂಗಿ ಹೊಂಡಕ್ಕೆ ಇಳಿಯುತ್ತದೆ, ಅಲ್ಲಿಂದ ಊರೊಳಗಿನ ಸಂತೆ ಹೊಂಡದ ಕಡೆಗೆ. ನೀರಿಗೆ ಇಳಿಜಾರು ಕೊಟ್ಟು ದಾರಿ ತೋರಿಸಿದ್ದಾರೆ. ಟಾಪಿಗೂ ಅಷ್ಟೇ ಬೇಕು. ಎಸಿಯ ಭಾರಕ್ಕೆ ನಡು ತಗ್ಗಿದ್ದರೆ ಒಳಗಿನಿಂದ ಒಂದು ಅಡ್ಡಪಟ್ಟಿ ಕೊಟ್ಟು ಎತ್ತಿಸಿ. ಅದಾಗದಿದ್ದರೆ ಗಾಡಿ ನಿಲ್ಲಿಸುವಾಗ ಒಂದು ಕಡೆಯ ಚಕ್ರಗಳ ಕೆಳಗೆ ಹಲಗೆ ಇಡಿ. ನೀರು ತಾನೇ ಇಳಿದು ಹೋಗುತ್ತದೆ.

ಬಳಿಯುವ ದಿನ

ಪೇಂಟ್ ಹಿಡಿಯಲು ಮೈ ತುಸು ಒರಟಾಗಿರಬೇಕು. 220 ಅಥವಾ 320ರ ಪೇಪರಿನಲ್ಲಿ ನೀರು ಹಾಕಿ ಉಜ್ಜಿ. ಒಣದಾಗಿ ಉಜ್ಜಿದರೆ ಗಾಜಿನ ಪುಡಿ ಏಳುತ್ತದೆ. ಒದ್ದೆಯಲ್ಲಿ ಉಜ್ಜುವಾಗಲೂ ಎನ್95 ಮಾಸ್ಕ್, ಕನ್ನಡಕ, ತುಂಬು ತೋಳಿನ ಅಂಗಿ ಇರಲಿ. ಕೈ ತುರಿಸಿದರೆ ಬಿಸಿನೀರು ಬೇಡ, ತಣ್ಣೀರಿನಲ್ಲಿ ತೊಳೆಯಿರಿ. ಮೈ ಒಣಗಿದ ಮೇಲೆ ಕಪ್ಪು ಬಟ್ಟೆಯಿಂದ ಒರೆಸಿ ನೋಡಿ. ಬಟ್ಟೆಗೆ ಬಿಳಿ ಹತ್ತಿದರೆ ಇನ್ನೂ ಉಜ್ಜಬೇಕು. ಹತ್ತದಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಅಥವಾ ಅಸಿಟೋನ್ ಬಟ್ಟೆಗೆ ಹಾಕಿ ಒಮ್ಮೆ ಒರೆಸಿ, ಹತ್ತಿರ ಬೆಂಕಿ ಇಲ್ಲದ ಹಾಗೆ ನೋಡಿಕೊಳ್ಳಿ. ಸೀಮೆಎಣ್ಣೆ, ಪೆಟ್ರೋಲ್ ಬೇಡ. ಅವು ಎಣ್ಣೆಯ ಪೊರೆ ಬಿಡುತ್ತವೆ.

ಇಡೀ ಟಾಪಿಗೆ ಕೈ ಹಾಕುವ ಮೊದಲು ಅಂಗೈ ಅಗಲಕ್ಕೆ ಪ್ರೈಮರ್, ಪೇಂಟ್ ಹಚ್ಚಿ ಒಂದು ವಾರ ಬಿಡಿ. ಆಮೇಲೆ ಬ್ಲೇಡಿನಿಂದ ಅಡ್ಡ ಉದ್ದ ಗೆರೆ ಹಾಕಿ, ಗಟ್ಟಿ ಟೇಪ್ ಒತ್ತಿ ಅಂಟಿಸಿ, ಒಮ್ಮೆಲೇ ಕಿತ್ತು ನೋಡಿ. ಟೇಪಿನ ಜೊತೆ ಪೇಂಟ್ ಬಂದರೆ ನಷ್ಟ ಅಂಗೈ ಅಗಲದ್ದು ಮಾತ್ರ.

ಎಷ್ಟು ಬೇಕು? ಒಂದು ಚದರ ಮೀಟರ್ ಜಾಗಕ್ಕೆ ಒಂದು ಲೀಟರ್ ಹರಡಿದರೆ ಹಸಿಯಲ್ಲಿ ಒಂದು ಮಿಲಿಮೀಟರ್ ದಪ್ಪ. ಅಕ್ರಿಲಿಕ್ ಕೋಟಿಂಗಿನಲ್ಲಿ ಅರ್ಧ ಭಾಗ ನೀರಾಗಿ ಆರಿ ಹೋದರೆ ಉಳಿಯುವುದು ಅರ್ಧ ಮಿಲಿಮೀಟರ್. ಹೆಚ್ಚು ಕಡಿಮೆ ನಾವು ಕಳೆದುಕೊಂಡ ಜೆಲ್‌ಕೋಟಿನಷ್ಟೇ. 6 ಮೀಟರ್ ಉದ್ದ, 2 ಮೀಟರ್ ಅಗಲದ ಟಾಪಿಗೆ 12 ಲೀಟರ್ ಆಯ್ತು. ಇದನ್ನು ಒಂದೇ ಸಲ ದಪ್ಪಗೆ ಬಳಿಯಬಾರದು. ಎರಡು ಮೂರು ಕೋಟಾಗಿ, ಒಂದು ಉದ್ದಕ್ಕೆ, ಮುಂದಿನದು ಅಡ್ಡಕ್ಕೆ. ನಾಲ್ಕು ಲೀಟರಿನಲ್ಲಿ ಇಡೀ ಟಾಪು ಬೆಳ್ಳಗಾಯ್ತು ಅಂತ ನಿಲ್ಲಿಸಿದರೆ ಅದು ಬಣ್ಣ ಮಾತ್ರ, ಕಾವಲಲ್ಲ.

ನಮ್ಮ ಸೀಮೆಯಲ್ಲಿ ಈ ಕೆಲಸಕ್ಕೆ ಒಳ್ಳೇ ಕಾಲ ಸಂಕ್ರಾಂತಿ ಕಳೆದು ಶಿವರಾತ್ರಿ ಬರುವವರೆಗೆ. ಮಳೆ ಇಲ್ಲ, ಹಗಲು ಹಿತವಾದ ಬೆಚ್ಚಗೆ. ಬೆಳಿಗ್ಗೆ ಬೈಕ್ ಸೀಟಿನ ಮೇಲೆ ಇಬ್ಬನಿ ಕೂತಿರುತ್ತದಲ್ಲ, ಅದೇ ಇಬ್ಬನಿ ಟಾಪಿನ ಮೇಲೂ ಕಣ್ಣಿಗೆ ಕಾಣದಷ್ಟು ತೆಳುವಾಗಿ ಇರುತ್ತದೆ. ಮೈ ಇಬ್ಬನಿ ಕಟ್ಟುವ ತಾಪಕ್ಕಿಂತ ಕನಿಷ್ಠ 3 ಡಿಗ್ರಿ ಬೆಚ್ಚಗಿರಬೇಕು ಎಂಬುದು ಪೇಂಟಿನ ಕೆಲಸದವರ ನಿಯಮ. ಹಾಗಾಗಿ ಒಂಬತ್ತು ಗಂಟೆಗೆ ಮೊದಲು ಶುರು ಮಾಡಬೇಡಿ, ಮೂರರ ಮೇಲೆ ಹೊಸ ಕೋಟು ಹಾಕಬೇಡಿ. ಸಂಜೆಯ ತಂಪಿಗೆ ಸಿಕ್ಕಿದ ಹಸಿ ಅಕ್ರಿಲಿಕ್ ಬೆಳಗಿನ ಇಬ್ಬನಿಗೆ ತೊಳೆದು ಹೋಗಬಹುದು. ಆದಷ್ಟು ನೆರಳಲ್ಲಿ ಮಾಡಿ. ಚಿತ್ರದುರ್ಗದವರಿಗೆ ಗಾಳಿಯ ಕಷ್ಟ ಬೇರೆ. ಗುಡ್ಡದ ಮೇಲೆ ಗಾಳಿಯಂತ್ರಗಳು ಸುಮ್ನೆ ನಿಂತಿಲ್ಲ. ರೆಕ್ಕೆಗಳು ಜೋರಾಗಿ ತಿರುಗುತ್ತಿರುವ ದಿನ ಹಸಿ ಪೇಂಟ್ ಮೇಲೆ ಧೂಳು ಬಂದು ಮರಳು ಕಾಗದ ಮಾಡಿಬಿಡುತ್ತದೆ. ಅಂಥ ದಿನ ಬಿಟ್ಟುಬಿಡಿ.

ಆಮೇಲೆ ಮಾಡುವುದು ಕಡಿಮೆ. ಮೂರು ತಿಂಗಳಿಗೊಮ್ಮೆ ಸೋಪಿನ ನೀರು. ಭರಣಿ ಮಳೆಗೆ ಮೊದಲು ಒಮ್ಮೆ, ದೀಪಾವಳಿ ಕಳೆದ ಮೇಲೆ ಒಮ್ಮೆ ಪ್ರತಿಯೊಂದು ಸೀಲೆಂಟಿನ ಗೆರೆಯನ್ನು ಬೆರಳಲ್ಲಿ ಒತ್ತಿ ನೋಡಿ. ತಿಂಗಳುಗಟ್ಟಲೆ ನಿಲ್ಲಿಸುವಾಗ ತಾಡಪಾಲು ಬಿಗಿದು ಕಟ್ಟಬೇಡಿ. ಒಳಗೆ ತೇವ ಹಿಡಿಯುತ್ತದೆ, ಗಾಳಿಗೆ ಬಡಿದು ಬಡಿದು ಮೈ ಉಜ್ಜುತ್ತದೆ. ತಗಡಿನ ಚಪ್ಪರ ಒಂದು ಇದ್ದರೆ ಮೇಲೆ ಹೇಳಿದ ಎಷ್ಟೋ ಕೆಲಸ ವರ್ಷಗಟ್ಟಲೆ ಮುಂದಕ್ಕೆ ಹೋಗುತ್ತದೆ.

ಗೆಳೆಯರ ಟಾಪಿನಲ್ಲಿ ಮುಂದಿನ ಅರ್ಧ ಉಜ್ಜಿದಾಗ ಹೊಳಪು ಬಂತು, ಹಿಂದಿನ ಅರ್ಧದಲ್ಲಿ ಎಳೆ ಕಂಡಿತು. ಅರ್ಧಕ್ಕೆ ಮೇಣ, ಅರ್ಧಕ್ಕೆ ಕೋಟಿಂಗ್ ಎಂದು ತೀರ್ಮಾನ ಆಯ್ತು. ಕೆಲಸ ಮುಗಿದ ದಿನ ಒಂದು ಚೀಟಿ ಬರೆದು ಅವರ ಕಪಾಟಿನ ಬಾಗಿಲ ಒಳಗೆ ಅಂಟಿಸಿದೆ: ಯಾವ ಪ್ರೈಮರ್, ಯಾವ ಕೋಟಿಂಗ್, ಎಷ್ಟು ಲೀಟರ್, ಯಾವ ತಾರೀಖು, ಯಾವ ಸೀಲೆಂಟ್ ಎಲ್ಲೆಲ್ಲಿ. ಇನ್ನು ಐದಾರು ವರ್ಷಕ್ಕೆ ಯಾರಾದರೂ ಆ ಟಾಪಿಗೆ ಏಣಿ ಹಾಕಿದಾಗ, ಕೆಳಗೆ ಏನಿದೆ ಎಂದು ಊಹೆ ಮಾಡಬೇಕಾಗುವುದಿಲ್ಲ.